ಫ್ಯಾನ್ ತಿರುಗುತ್ತಿತ್ತು, ಸರಿ. ಯಾವ ಕಡೆಗೆ?

ಸಂಪಾದಕರಿಗೆ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಅದರಲ್ಲಿ ಬರುವ ಒಂದು ಕಾರನ್ನೂ ಈ ಜನ್ಮದಲ್ಲಿ ಕೊಳ್ಳುವುದಿಲ್ಲ ಅಂತ ಗೊತ್ತಿದ್ದೂ ಓದುತ್ತೇನೆ. ಸನ್‌ರೂಫ್, ಆರು ಏರ್‌ಬ್ಯಾಗ್, ಮುಂದಿನ ಗಾಡಿ ನೋಡಿ ತಾನೇ ಬ್ರೇಕ್ ಹಾಕುವ ಕಾರು. ಚೆನ್ನಾಗಿದೆ. ಆದರೆ ಮಂಡ್ಯಕ್ಕೆ, ನಮ್ಮ ಬೀದಿಗೆ ಬಂದು ನೋಡಿ. ಮನೆ ಮುಂದೆ ನಿಂತಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಹದಿನೈದು ವರ್ಷ ದಾಟಿದ ಗಾಡಿಗಳು, ಆರ್‌ಟಿಒ ಬಾಗಿಲು ತಟ್ಟಿ ಎಫ್‌ಸಿ ಮಾಡಿಸಿಕೊಂಡು ಐದೈದು ವರ್ಷ ಆಯಸ್ಸು ಹಾಕಿಸಿಕೊಂಡು ಓಡುತ್ತಿರುವಂಥವು. ಬೇಸಿಗೆ ಬಂದರೆ ಇವುಗಳ ಮಾಲೀಕರಿಗೆಲ್ಲ ಒಂದೇ ಭಯ. ಗಾಡಿ ಹೀಟ್ ಆಗುತ್ತೆ. ಅದರ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೆ ನಾನೇ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ. ಕತ್ತರಿ ಹಾಕುವುದಾದರೆ ಹಾಕಿ, ಎಂಜಿನ್ ತಣಿಸುವ ಫ್ಯಾನಿನ ವಿಷಯ ಮಾತ್ರ ಬಿಡಬೇಡಿ.

ನನ್ನದು 1998ರ ಮಾರುತಿ 800. ಕಾರ್ಬ್ಯುರೇಟರ್ ಗಾಡಿ, ಮೂರು ಸಿಲಿಂಡರ್, 796 ಸಿಸಿ. 1983ರಲ್ಲಿ ಬಂದು 2014ರಲ್ಲಿ ತಯಾರಿಕೆ ನಿಂತುಹೋದ ಕಾರು ಇದು. ಮೇಷ್ಟ್ರ ಸಂಬಳದಲ್ಲಿ ತಗೊಂಡದ್ದು, ಇಬ್ಬರು ಮಕ್ಕಳನ್ನೂ ಇದರಲ್ಲೇ ಮೈಸೂರಿನ ಕಾಲೇಜಿಗೆ ಬಿಟ್ಟು ಬಂದದ್ದು. ಮಾರುವ ಮಾತೇ ಇಲ್ಲ.

ಹೋದ ವರ್ಷ ಮಾರ್ಚ್‌ನಲ್ಲಿ ಸಂಜಯ ವೃತ್ತದ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಿದ್ದಾಗ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯಿತು. ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದೆ, ಫ್ಯಾನ್ ತಿರುಗುತ್ತಿರಲಿಲ್ಲ. ಗ್ಯಾರೇಜಿನಲ್ಲಿ ನೋಡಿ ಮೋಟರ್‌ನ ಬ್ರಷ್ ಸವೆದು ಹೋಗಿದೆ ಅಂದರು. ಇಪ್ಪತ್ತೈದು ವರ್ಷ ದುಡಿದ ಮೋಟರ್, ಅದರ ತಪ್ಪಿಲ್ಲ. ಗುಜರಿಯಿಂದ ಒಂದು ಒಳ್ಳೆ ಮೋಟರ್ ತಂದು ಹಾಕಿದರು. ಕನೆಕ್ಟರ್ ಕೂರಲಿಲ್ಲವಂತೆ, ಎರಡೂ ವೈರ್ ಕತ್ತರಿಸಿ, ಸುತ್ತಿ, ಟೇಪ್ ಹಾಕಿದರು. ಸ್ಟಾರ್ಟ್ ಮಾಡಿ ತೋರಿಸಿದರು, ಫ್ಯಾನ್ ಬುರ್ರನೆ ತಿರುಗಿತು. ಖುಷಿಯಾಗಿ ದುಡ್ಡು ಕೊಟ್ಟು ಬಂದೆ.

ಒಂದು ವಾರ ಆಗಿಲ್ಲ, ಅದೇ ಸಂಜಯ ವೃತ್ತ, ಅದೇ ಮುಳ್ಳು.

ಇಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಮೊದಲು ಥರ್ಮೋಸ್ಟಾಟ್ ವಾಲ್ವ್ ತೆಗೆದುಹಾಕಿದರು. "ಸರ್, ಇದು ಚಳಿ ದೇಶಕ್ಕೆ, ನಮಗ್ಯಾಕೆ?" ಅಂದರು. ಆಮೇಲೆ ವಾಟರ್ ಬಾಡಿ, ಅಂದರೆ ಎಂಜಿನ್ನಿನಲ್ಲಿ ನೀರು ಸುತ್ತಿಸುವ ಪಂಪ್, ಹೊಸದು ಹಾಕಿದರು. ಆಮೇಲೆ ಆ ಬಿಸಿ ನೀರನ್ನು ಆರಿಸುವ ರೇಡಿಯೇಟರ್ ಬಿಚ್ಚಿ, ಮೇಲಿನ ಟ್ಯಾಂಕ್ ಕಳಚಿ, ಒಳಗೆ ರಾಡ್ ಹೊಡೆಸಿ, ಬೆಸುಗೆ ಹಾಕಿಸಿ ತಂದರು. ಏಳು ಸಾವಿರದ ಮೇಲೆ ಹೋಯಿತು. ಗಾಡಿ ಮಾತ್ರ ಹೀಟ್ ಆಗುತ್ತಲೇ ಇತ್ತು. ಕೊನೆಗೆ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಹೇಳಿದ ಮಾತು, ಹಳೆ ಕಾರಿನವರೆಲ್ಲ ಒಂದಲ್ಲ ಒಂದು ದಿನ ಕೇಳಿರುತ್ತೀರಿ: "ಹೆಡ್ ಇಳಿಸಿ ನೋಡ್ಬೇಕು ಸರ್."

ಹೆಡ್ ಇಳಿಸುವುದು ಅಂದರೆ ಎಂಜಿನ್ನಿನ ತಲೆ ಭಾಗವನ್ನೇ ಬಿಚ್ಚುವುದು. ನಡುವೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್, ಲೇತ್‌ನಲ್ಲಿ ಮೈ ಸಮ ಮಾಡಿಸುವ ಫೇಸಿಂಗ್, ಮತ್ತೆ ಜೋಡಿಸುವ ಕೂಲಿ, ಎರಡು ಮೂರು ದಿನ ಗಾಡಿ ಅಲ್ಲೇ. ಹನ್ನೆರಡು ಸಾವಿರ ಇಟ್ಟುಕೊಂಡಿರಿ ಅಂದರು. ನಾನು ಒಪ್ಪಿಕೊಂಡೇ ಬಂದಿದ್ದೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ ಕೇಳಿದಳು, "ಮೈಸೂರಿಗೆ ಹೋಗೋವಾಗ ಒಂದು ದಿನವೂ ಬಿಸಿಯಾಗಲಿಲ್ಲವಲ್ರೀ, ಊರೊಳಗೆ ನಿಂತಾಗ ಮಾತ್ರ ಯಾಕೆ ಹೀಗೆ?" ನಾನು ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಗ್ಯಾರೇಜಿನಲ್ಲೂ ಒಬ್ಬರೂ ಕೇಳಿರಲಿಲ್ಲ. ಜ್ವರ ಅಂತ ಹೋದರೆ ನಮ್ಮ ಊರಿನ ಕಾಂಪೌಂಡರ್ ಕೂಡ ಯಾವ ಹೊತ್ತಿಗೆ ಬರುತ್ತೆ ಅಂತ ಕೇಳುತ್ತಿದ್ದರು.

ಮಾರನೆ ದಿನ ಬೆಳಿಗ್ಗೆ ಪಕ್ಕದ ಮನೆ ಯಜಮಾನರ ಹತ್ತಿರ ಹೇಳಿದೆ. ಸರ್ಕಾರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು, ಮಾತು ಕಡಿಮೆ. ಲುಂಗಿಯಲ್ಲೇ ಬಂದರು. "ಮೇಷ್ಟ್ರೇ, ಸ್ಟಾರ್ಟ್ ಮಾಡಿ ಬಿಡಿ, ಫ್ಯಾನ್ ಬರಲಿ" ಅಂದರು. ಹತ್ತು ನಿಮಿಷಕ್ಕೆ ಫ್ಯಾನ್ ಬಂತು. ನೋಡಿ, ಫ್ಯಾನ್ ಚೆನ್ನಾಗೇ ತಿರುಗುತ್ತಿದೆ ಅಂದೆ. "ತಿರುಗ್ತಿದೆ ಸರಿ, ಯಾವ ಕಡೆಗೆ?" ಅಂದರು. ಜಗಲಿ ಮೇಲೆ ಬಿದ್ದಿದ್ದ ನಿಮ್ಮ ಪತ್ರಿಕೆಯ ಒಂದು ಹಾಳೆ ತಗೊಂಡು ಕಾರಿನ ಮುಂದೆ ಗ್ರಿಲ್‌ಗೆ ಹಿಡಿದರು. ಅದು ಗ್ರಿಲ್‌ಗೆ ಅಂಟಿಕೊಳ್ಳಬೇಕು. ಅಂಟಲಿಲ್ಲ, ಹಾರಿ ಬಂದು ಅವರ ಎದೆಗೆ ಬಡಿಯಿತು.

ಫ್ಯಾನ್ ಉಲ್ಟಾ ತಿರುಗುತ್ತಿತ್ತು. ಈ ಕಾರುಗಳಲ್ಲಿ ಫ್ಯಾನ್ ಇರುವುದು ರೇಡಿಯೇಟರಿನ ಹಿಂದೆ, ಎಂಜಿನ್ ಕಡೆಗೆ. ಅದು ಮುಂದಿನಿಂದ ತಣ್ಣನೆ ಗಾಳಿ ಎಳೆದುಕೊಳ್ಳಬೇಕು. ಈ ಫ್ಯಾನಿನ ಡಿಸಿ ಮೋಟರ್‌ಗೆ ಪ್ಲಸ್ ಮೈನಸ್ ಅದಲುಬದಲು ಕೊಟ್ಟರೆ ಅದು ನಿಲ್ಲುವುದಿಲ್ಲ, ಉಲ್ಟಾ ತಿರುಗುತ್ತೆ, ಅಷ್ಟೇ. ಟೇಪ್ ಸುತ್ತಿದ ಆ ಎರಡು ವೈರ್ ಅದಲುಬದಲಾಗಿದ್ದವು. ಹಾಗಾಗಿ ಎಂಜಿನ್ನಿನ ಬಿಸಿ ಗಾಳಿಯನ್ನೇ ರೇಡಿಯೇಟರಿಗೆ ಊದುತ್ತಿತ್ತು. ಹೆದ್ದಾರಿಯಲ್ಲಿ ಗಾಡಿ ಅರವತ್ತರಲ್ಲಿ ಹೋಗುವಾಗ ಎದುರು ಗಾಳಿಯೇ ಸಾಕು, ಫ್ಯಾನಿನ ಹಂಗಿಲ್ಲ. ಊರೊಳಗೆ ನಿಂತಾಗ ಫ್ಯಾನ್ ಬಿಟ್ಟರೆ ಗತಿಯಿಲ್ಲ. ಯಜಮಾನರು ವೈರ್ ಬಿಚ್ಚಿ ಅತ್ತಿತ್ತ ಮಾಡಿ ಸುತ್ತಿದರು. ಖರ್ಚು ಒಂದು ಲೋಟ ಕಾಫಿ.

ನಾನು ಆ ಗ್ಯಾರೇಜಿನವರ ಹೆಸರು ಬರೆಯುವುದಿಲ್ಲ. ಮೋಸ ಮಾಡಿದರು ಅಂತಲೂ ಹೇಳುವುದಿಲ್ಲ. ಬೇರೆ ಮೋಟರ್ ಹಾಕಿದ್ದೇವೆ, ತಿರುಗುತ್ತಿದೆ, ಇನ್ನು ಫ್ಯಾನ್ ಕಡೆ ನೋಡಬೇಕಿಲ್ಲ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಆದರೆ ಯಾವಾಗ ಬಿಸಿಯಾಗುತ್ತೆ ಅನ್ನೋದನ್ನ ಮೊದಲೇ ಕೇಳಿದ್ದರೆ ಏಳು ಸಾವಿರ ಉಳಿಯುತ್ತಿತ್ತು. ಆಮೇಲೆ ಒಂದು ತಿಂಗಳು ಸಂಜೆ ಹೊತ್ತು ಯಜಮಾನರ ಜಗಲಿಯೇ ನನಗೆ ಶಾಲೆಯಾಯಿತು.

ನಿಂತಾಗ ಮಾತ್ರ ಬಿಸಿಯಾದರೆ ಫ್ಯಾನ್ ನೋಡಿ. ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ. ಆಮೇಲೆ ನನ್ನಂಥ ಕಂಪ್ಯೂಟರ್ ಇಲ್ಲದ ಗಾಡಿಯಾದರೆ ನೀರಿನ ಬಿಸಿ ನೋಡಿ ಫ್ಯಾನ್ ಆನ್ ಮಾಡುವ ಥರ್ಮೋ ಸ್ವಿಚ್‌ನ ಎರಡು ವೈರ್ ಕಿತ್ತು ಒಂದಕ್ಕೊಂದು ತಾಗಿಸಿ, ಇಗ್ನಿಷನ್ ಆನ್ ಇರಲಿ. ಫ್ಯಾನ್ ತಿರುಗಿದರೆ ಮೋಟರ್ ಸರಿಯಿದೆ, ಸ್ವಿಚ್ ಹೋಗಿದೆ. ತಿರುಗದಿದ್ದರೆ ಮೋಟರ್ ಅಥವಾ ವೈರಿಂಗ್. ಇಲ್ಲಿ ನಮ್ಮ ಕಡೆಯ ಒಂದು ಚಾಳಿ ಹೇಳಬೇಕು. ಸ್ವಿಚ್ ಹೋದರೆ "ಫ್ಯಾನ್ ಡೈರೆಕ್ಟ್ ಮಾಡಿಕೊಡ್ತೀನಿ" ಅನ್ನುತ್ತಾರೆ, ಕೀ ಹಾಕಿದ್ದೇ ತಡ ಫ್ಯಾನ್ ತಿರುಗುತ್ತಲೇ ಇರುತ್ತೆ. ಆ ಹೊತ್ತಿಗೆ ಕೆಲಸ ನಡೆಯುತ್ತೆ, ಆದರೆ ಮೋಟರ್ ಬೇಗ ಸವೆಯುತ್ತೆ. ಹೊಸ ಸ್ವಿಚ್ ಹಾಕಿಸಿ ಅಂತ ಹಟ ಹಿಡಿಯಿರಿ. ಇನ್ನೊಂದು ಎಚ್ಚರಿಕೆ, ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಆದ ಮೇಲೂ ಫ್ಯಾನ್ ಇದ್ದಕ್ಕಿದ್ದಂತೆ ಶುರುವಾಗುತ್ತೆ. ಬೆರಳು ದೂರ ಇಟ್ಟುಕೊಳ್ಳಿ.

ಓಡುವಾಗ, ಅದರಲ್ಲೂ ಎಕ್ಸ್‌ಪ್ರೆಸ್‌ವೇನಲ್ಲಿ ಜೋರಾಗಿ ಹೋದಾಗ ಬಿಸಿಯಾದರೆ ಫ್ಯಾನನ್ನು ಬೈಯಬೇಡಿ. ಹೆಚ್ಚಾಗಿ ನೀರು ಸರಿಯಾಗಿ ಸುತ್ತುತ್ತಿಲ್ಲ ಅಂತ ಅರ್ಥ. ರೇಡಿಯೇಟರ್ ಒಳಗೆ ಕಟ್ಟಿರಬಹುದು, ಬೆಲ್ಟ್ ಜಾರುತ್ತಿರಬಹುದು, ವಾಟರ್ ಬಾಡಿಯ ಒಳಗಿನ ಎಲೆಗಳು ತುಕ್ಕು ತಿಂದು ಸವೆದಿರಬಹುದು. ಗಾಡಿ ಆಫ್ ಮಾಡಿ, ಸ್ವಲ್ಪ ಆರಿದ ಮೇಲೆ ರೇಡಿಯೇಟರ್ ಮೇಲೆ ಅಂಗೈ ಆಡಿಸಿ. ನಡುವೆ ಒಂದು ಕಡೆ ಮಾತ್ರ ತಣ್ಣಗಿದ್ದರೆ ಆ ಜಾಗದಲ್ಲಿ ನೀರು ಓಡುತ್ತಿಲ್ಲ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಗನ್ ಇದಕ್ಕೆ ಬರಲ್ಲ. ನಾನು ಹಿಡಿದು ನೋಡಿ ಮೊಮ್ಮಗಳ ಕೈಲಿ ನಗಿಸಿಕೊಂಡಿದ್ದೇನೆ. ಅದು ಮನುಷ್ಯರ ಮೈ ಬಿಸಿಯನ್ನು ಅಳೆಯುವುದಕ್ಕೆ ಮಾತ್ರ ಮಾಡಿದ್ದು.

ಬೆಳಿಗ್ಗೆ ಸ್ಟಾರ್ಟ್ ಮಾಡಿ ನಾಲ್ಕೈದು ನಿಮಿಷಕ್ಕೇ ಮುಳ್ಳು ಮೇಲೆ ಹೋದರೆ? ನೀರು ಕಡಿಮೆ ಇದೆ, ಇಲ್ಲವೇ ಒಳಗೆ ಗಾಳಿ ಸೇರಿದೆ, ಇಲ್ಲವೇ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿದೆ. ಮೇಲಿನ ಹೋಸ್ ಪೈಪ್ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ಮೇಲೆ ಅನುಮಾನ ಪಡಿ. ಈ ಥರ್ಮೋಸ್ಟಾಟ್ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ, ಹೇಳಿಬಿಡುತ್ತೇನೆ. ಚಳಿ ದೇಶದ್ದು ಅನ್ನೋದು ಸುಮ್ನೆ ಮಾತು. ಎಂಜಿನ್ ಬೇಗ ತನ್ನ ಬಿಸಿಗೆ ಬರಲಿ ಅಂತ ಅದು ಬಾಗಿಲು ಮುಚ್ಚಿಕೊಂಡಿರುತ್ತೆ, ಒಳಗಿನ ಮೇಣ ಕರಗಿ ಉಬ್ಬಿದಾಗ ಬಾಗಿಲು ತೆರೆಯುತ್ತೆ. ಅದನ್ನು ಕಿತ್ತುಹಾಕಿದರೆ ಎಂಜಿನ್ ಓಡುವಾಗ ಬೇಕಾದಷ್ಟು ಬಿಸಿಗೆ ಬರುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಸವೆತವೂ ಜಾಸ್ತಿ. ನನ್ನ ಕಾರಿನ ಮೈಲೇಜ್ ಇಳಿದದ್ದು ನನ್ನ ಲೆಕ್ಕದ ಪುಸ್ತಕದಲ್ಲೇ ಇದೆ. ಥರ್ಮೋಸ್ಟಾಟ್ ಹೋಗಿದೆಯೋ ಇಲ್ಲವೋ ಅಂತ ನೋಡುವುದು ಒಂದು ಸಾರು ಕುದಿಸಿದಷ್ಟು ಸುಲಭ. ಪಾತ್ರೆಯಲ್ಲಿ ನೀರಿಟ್ಟು, ಅದನ್ನು ದಾರದಲ್ಲಿ ಕಟ್ಟಿ ಇಳಿಬಿಟ್ಟು, ಒಲೆ ಹಚ್ಚಿ. ಅದರ ಮೇಲೆ 82 ಅಂತ ಬರೆದಿದ್ದರೆ ಆ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಲು ಶುರು ಮಾಡಬೇಕು, ತಣ್ಣಗಾದರೆ ಮುಚ್ಚಿಕೊಳ್ಳಬೇಕು. ನನ್ನದು ಸರಿಯಾಗೇ ಬಾಯಿ ಬಿಟ್ಟಿತು, ಪಾಪ. ಸುಮ್ನೆ ಕಿತ್ತು ಎಸೆದಿದ್ದರು, ಪುಣ್ಯಕ್ಕೆ ಡಿಕ್ಕಿಯಲ್ಲಿ ಬಿದ್ದಿತ್ತು. ಹೊಸ ಗ್ಯಾಸ್ಕೆಟ್ ಹಾಕಿ ಮತ್ತೆ ಕೂರಿಸಿದೆವು. ಹಳೆ ಪಾತ್ರೆಯಲ್ಲಿ ಮಾಡಿ, ಆಮೇಲೆ ಅದನ್ನು ಅಡುಗೆಮನೆಗೆ ಸೇರಿಸಬೇಡಿ. ನಾನು ಹಾಲಿನ ಪಾತ್ರೆ ತಗೊಂಡು ಬೈಸಿಕೊಂಡೆ.

ಇನ್ನು ರೇಡಿಯೇಟರ್ ಮುಚ್ಚಳ. ಇಷ್ಟು ಅಗ್ಗದ, ಇಷ್ಟು ತಾತ್ಸಾರಕ್ಕೆ ಒಳಗಾದ ವಸ್ತು ಕಾರಿನಲ್ಲಿ ಇನ್ನೊಂದಿಲ್ಲ. ಅದು ಬರೀ ಮುಚ್ಚಳ ಅಲ್ಲ, ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಮಂಡ್ಯ, ಮೈಸೂರು ಸಮುದ್ರಮಟ್ಟದಿಂದ ಮೇಲಿವೆ, ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿದೆ. ಪುಸ್ತಕದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತೆ ಅಂತ ನಾನೇ ಪಾಠ ಮಾಡಿದ್ದೇನೆ, ಆದರೆ ನಮ್ಮ ಕಡೆ 97-98ಕ್ಕೇ ಕುದಿಯುತ್ತೆ. ಚಾಮುಂಡಿ ಬೆಟ್ಟದ ಮೇಲೆ ಇನ್ನೂ ಒಂದು ಡಿಗ್ರಿ ಕಡಿಮೆ. ಮುಚ್ಚಳದ ಮೇಲೆ 0.9 (ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಒತ್ತಡ) ಅಂತ ಇದ್ದರೆ, ಅದು ಅಷ್ಟು ಒತ್ತಡವನ್ನು ಒಳಗೆ ಹಿಡಿದಿಟ್ಟು, ಕುದಿಯುವ ಮಟ್ಟವನ್ನು ಸುಮಾರು 118 ಡಿಗ್ರಿಯವರೆಗೆ ತಳ್ಳುತ್ತೆ. ಅದರ ರಬ್ಬರ್ ಒಣಗಿ ಸೀಳಿದರೆ ಆ ಇಪ್ಪತ್ತು ಡಿಗ್ರಿ ರಕ್ಷಣೆ ಹೋಯಿತು. ಎಂಜಿನ್ ಸರಿಯಾಗಿದ್ದರೂ ನೀರು ಕುದಿದು ರೇಡಿಯೇಟರಿಗೆ ಪೈಪ್ ಹಾಕಿ ಇಟ್ಟಿರುವ ಪ್ಲಾಸ್ಟಿಕ್ ಬಾಟಲಿಗೆ ಉಕ್ಕುತ್ತೆ. ಮುಚ್ಚಳದಲ್ಲಿ ಇನ್ನೊಂದು ಪುಟ್ಟ ವಾಲ್ವ್ ಇದೆ, ಗಾಡಿ ಆರಿದಾಗ ಬಾಟಲಿಯ ನೀರನ್ನು ವಾಪಸ್ ಎಳೆದುಕೊಳ್ಳಲು. ಅದು ಕಚ್ಚಿಕೊಂಡರೆ ಬಾಟಲಿ ತುಂಬಿಯೇ ಇರುತ್ತೆ, ರೇಡಿಯೇಟರ್ ಖಾಲಿ. ಬಾಟಲಿ ನೋಡಿ ನೀರಿದೆ ಅಂದುಕೊಳ್ಳುವವರು ಇಲ್ಲೇ ಮೋಸ ಹೋಗುವುದು. ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ರೇಡಿಯೇಟರಿನ ಕತ್ತಿನವರೆಗೆ ನೀರಿದೆಯಾ ನೋಡಿ.

ನೀರು ಅಂದೆ. ಕೂಲೆಂಟ್ ಅನ್ನಬೇಕಿತ್ತು. ನಮ್ಮ ಕಡೆ ಬೋರ್‌ವೆಲ್ ನೀರನ್ನೇ ಹಾಕುವವರು ಬೇಕಾದಷ್ಟು ಜನ, ನಾನೂ ಹತ್ತು ವರ್ಷ ಹಾಕಿದ್ದೇನೆ. ನಿಮ್ಮ ಮನೆ ಸ್ನಾನದ ಹಂಡೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೂ ಕಟ್ಟುತ್ತೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಅರ್ಧಕ್ಕರ್ಧ ಕೂಲೆಂಟ್ ಬೆರೆಸಿ ಹಾಕಿ. ಕೂಲೆಂಟ್ ನೀರು ಹೆಪ್ಪುಗಟ್ಟದಂತೆ ತಡೆಯುತ್ತೆ. ನಮಗೆ ಹಿಮ ಬೀಳಲ್ಲ ನಿಜ, ಆದರೆ ಅದು ತುಕ್ಕನ್ನೂ ತಡೆಯುತ್ತೆ. ಹಸಿರು, ಕೆಂಪು, ನೀಲಿ ಬಣ್ಣಕ್ಕೆ ಒಂದು ಕಟ್ಟುನಿಟ್ಟಿನ ಲೆಕ್ಕ ಇಲ್ಲ, ಬೇರೆ ಬೇರೆ ತರಹದ್ದು ಬೆರೆಸದಿದ್ದರೆ ಸಾಕು. ಹಳೆಯದನ್ನು ಮಾತ್ರ ಚರಂಡಿಗೆ, ಬೀದಿಗೆ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತೆ, ವಿಷ. ಬೀದಿ ನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತವೆ.

ಮಂಡ್ಯದವರಿಗೆ ಇನ್ನೊಂದು ಮಾತು. ಸುಗ್ಗಿ ಕಾಲದಲ್ಲಿ ಹಳ್ಳಿ ರಸ್ತೆ ತುಂಬ ಹುರುಳಿ, ರಾಗಿ ಹರಡಿರುತ್ತಾರೆ, ಗಾಡಿಗಳೇ ಒಕ್ಕಣೆ ಮಾಡಿಕೊಡಲಿ ಅಂತ. ಆ ಹೊಟ್ಟು, ಹುಲ್ಲು ರೇಡಿಯೇಟರಿನ ಮುಂದೆ ಹೋಗಿ ಕೂರುತ್ತೆ. ಅಡಿಯಲ್ಲಿ ಸಿಕ್ಕಿಕೊಂಡ ಹುಲ್ಲು ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುವ ಅಪಾಯ ಬೇರೆ. ಮನೆಗೆ ಬಂದ ಮೇಲೆ ಎಂಜಿನ್ ಆರಿಸಿ, ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ನೀರು ಬಿಟ್ಟು ತೊಳೆಯಿರಿ. ಜೋರು ಪ್ರೆಷರ್ ಬೇಡ, ಆ ತೆಳು ತಗಡುಗಳು ಮಡಚಿಹೋಗುತ್ತವೆ.

ಹೆಡ್ ಇಳಿಸುವ ಮಾತು ಬಂದರೆ ಒಪ್ಪುವ ಮೊದಲು ಗುರುತು ಕೇಳಿ. ಆಯಿಲ್ ಮುಚ್ಚಳದ ಒಳಗೆ ಹಾಲು ಹಾಕಿದ ಕಾಫಿಯಂಥ ಕೆನೆ ಇದೆಯಾ? ಸೈಲೆನ್ಸರ್‌ನಿಂದ ಬಿಸಿಯಾದ ಮೇಲೂ ಬಿಳಿ ಹೊಗೆ, ಸಿಹಿ ವಾಸನೆ ಬರುತ್ತಿದೆಯಾ? ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ರೇಡಿಯೇಟರಿನ ಬಾಯಲ್ಲಿ ಬಿಡದೆ ಗುಳ್ಳೆ ಏಳುತ್ತಿದೆಯಾ? ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತಾ? ಇದ್ದರೆ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಜಾಸ್ತಿ, ಇಳಿಸಿ. ಒಂದೂ ಇಲ್ಲದಿದ್ದರೆ ಬೇರೆ ಕಡೆ ಹುಡುಕಿ. ನೀರು ಕಡಿಮೆಯಾಗುತ್ತಿದೆ, ನೆಲದಲ್ಲಿ ಹನಿ ಇಲ್ಲ ಅಂದರೂ ತಕ್ಷಣ ಹೆಡ್ ಅನ್ನಬೇಡಿ. ವಾಟರ್ ಬಾಡಿಯ ಕೆಳಗೆ ಒಂದು ಸಣ್ಣ ತೂತಿದೆ, ಅದರಿಂದ ಸೋರಿ ಬಿಸಿಗೆ ಅಲ್ಲೇ ಒಣಗಿ ಕಲೆ ಕಟ್ಟಿರಬಹುದು. ಎಂಜಿನ್ನಿನ ಬಿಸಿ ನೀರಿನಿಂದಲೇ ಬಿಸಿ ಗಾಳಿ ಕೊಡುವ ಹೀಟರ್ ಇರುವ ಗಾಡಿಯಾದರೆ ಒಳಗೆ ಕಾಲಡಿಯ ಮ್ಯಾಟ್ ಎತ್ತಿ ನೋಡಿ, ಒದ್ದೆ ಇರಬಹುದು. ಹೆಡ್‌ಲೈಟ್ ಹಾಕಿದಾಗ ಮಾತ್ರ ಮುಳ್ಳು ಏರುತ್ತೆ ಅಂದರೆ ಎಂಜಿನ್ ಬಿಸಿಯೇ ಆಗಿಲ್ಲ, ಅರ್ತಿಂಗ್ ಕೆಟ್ಟಿದೆ.

ಮೊನ್ನೆ ಮಗಳ ಮನೆಗೆ ಹೋಗುವಾಗ ಶ್ರೀರಂಗಪಟ್ಟಣದ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಒಬ್ಬ ಹುಡುಗ ಬಾನೆಟ್ ಎತ್ತಿ ನಿಂತಿದ್ದ. ಅವನದೂ ಹಳೆ ಕಾರು. ಒಂದು ಕೈಲಿ ತಣ್ಣೀರಿನ ಬಾಟಲಿ, ಇನ್ನೊಂದು ಕೈ ರೇಡಿಯೇಟರ್ ಮುಚ್ಚಳದ ಮೇಲೆ. ಕಿರುಚಿಕೊಂಡು ಇಳಿದೆ. ಆಗ ತೆಗೆದಿದ್ದರೆ ಕುದಿಯುವ ನೀರು ಮುಖಕ್ಕೇ ಬರುತ್ತಿತ್ತು, ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತೆ, ಸೀಳಲೂಬಹುದು. ಅರ್ಧ ಗಂಟೆ ಬಿಡಪ್ಪ ಅಂದೆ. ಟೀ ಕುಡಿದೆವು. ಮುಳ್ಳು ಏರಿದ ಕೂಡಲೇ ಎಸಿ ಆರಿಸಿ ಹೀಟರ್ ಫುಲ್ ಇಟ್ಟಿದ್ದರೆ ಪಕ್ಕಕ್ಕೆ ನಿಲ್ಲಿಸುವವರೆಗೆ ಸ್ವಲ್ಪ ಬಿಸಿ ಇಳಿಯುತ್ತಿತ್ತು ಅಂದಾಗ, ಈ ಬಿಸಿಲಲ್ಲಿ ಹೀಟರಾ ಅಂಕಲ್ ಅಂತ ನಕ್ಕ. ನಾನು ಕೇಳಿದ್ದು ಒಂದೇ, ಯಾವಾಗ ಬಿಸಿಯಾಯಿತು? ಎಕ್ಸ್‌ಪ್ರೆಸ್‌ವೇನಲ್ಲಿ ನೂರರ ಹತ್ತಿರ ಬರುತ್ತಿದ್ದಾಗ ಅಂದ. ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿದಾಗ ಸರಿಯಿತ್ತಂತೆ.

ಆರಿದ ಮೇಲೆ ನೀರು ತುಂಬಿಸಿ ಸ್ಟಾರ್ಟ್ ಮಾಡಿಸಿದೆ. ಫ್ಯಾನ್ ಬಂದಾಗ ಅಭ್ಯಾಸಬಲದಿಂದ ನಿಮ್ಮ ಪತ್ರಿಕೆ ತೆಗೆದು ಗ್ರಿಲ್‌ಗೆ ಹಿಡಿದೆ. ಪಟ್ಟಂತ ಅಂಟಿಕೊಂಡಿತು. ಫ್ಯಾನ್ ಅಲ್ಲ, ಓಡುವಾಗಿನ ಕಾಯಿಲೆ ಅಂತ ಅವನೇ ಹೇಳಿದ್ದನಲ್ಲ. ಆಕ್ಸಿಲರೇಟರ್ ಒತ್ತು ಅಂದು ಕೆಳಗಿನ ಹೋಸ್ ನೋಡುತ್ತಾ ನಿಂತೆ. ರೇಸ್ ಏರಿದ ಹಾಗೆ ಅದು ಚೀಪಿದ ಮಾವಿನಹಣ್ಣಿನ ಸಿಪ್ಪೆಯಂತೆ ಒಳಕ್ಕೆ ಅಂಟಿಕೊಂಡಿತು, ಬಿಟ್ಟಾಗ ಉಬ್ಬಿತು. ರಬ್ಬರ್ ಮೆತ್ತಗಾಗಿತ್ತು, ಒಳಗೆ ಸ್ಪ್ರಿಂಗ್ ಇರಲಿಲ್ಲ. ಜೋರಾಗಿ ಓಡಿಸಿದಾಗ ನೀರಿಗೆ ದಾರಿಯೇ ಇಲ್ಲ. ಐವತ್ತು ದಾಟಬೇಡ, ಮುಳ್ಳಿನ ಮೇಲೆ ಕಣ್ಣಿಟ್ಟುಕೊಂಡೇ ಮೈಸೂರಿಗೆ ಹೋಗಿ ಮೊದಲು ಈ ಹೋಸ್ ಹಾಕಿಸು, ಹಾಗೇ ರೇಡಿಯೇಟರ್ ಕಟ್ಟಿದೆಯಾ ನೋಡಿಸು ಅಂದೆ. ಆ ಪೇಪರ್ ಕೊಡಿ ಅಂಕಲ್ ಅಂತ ಇಸ್ಕೊಂಡು ಹೋದ. ಅವತ್ತಿನ ಪೇಪರ್ ಅದು, ನಾನಿನ್ನೂ ಓದಿರಲಿಲ್ಲ.

ಇಂತಿ,
ಒಬ್ಬ ನಿವೃತ್ತ ಮೇಷ್ಟ್ರು, ಮಂಡ್ಯ